ಹತ್ತಿರದ ಊರು ಯಾವುದು?



ಈ ಸಲ ನಮ್ಮ ಯುವಜನರ ಓದಿನ ಬಳಗಕ್ಕೆ ಜರ್ಮನಿಯ ಹಳ್ಳಿಗಾಡಿನ ಹಳೆಯ ಅಪರಾಧ ಕಥೆಗಳನ್ನು ಆರಿಸಿಕೊಂಡಿದ್ದೇವೆ ಎಂದು ಹೇಳಿದ್ದೇ ತಡ, ಎರಡು ಬಗೆಯ ಮಾತು ಕೇಳಿಬಂತು. ಹಿರಿಯರು ಕೆಲವರು, "ಕೊಲೆ, ಕಳ್ಳತನದ ಪುಸ್ತಕ ಚರ್ಚಿನ ಮಕ್ಕಳಿಗೆ ಯಾತಕ್ಕೆ? ಸಂತರ ಚರಿತ್ರೆ ಓದಲಿ" ಎಂದರು. ನಮ್ಮದೇ ಪ್ರಾಯದವರು ಕೆಲವರು, "ಪುಸ್ತಕ ಯಾರು ಓದುತ್ತಾರೆ? ಆ ಕೊಲೆಗಳ ಬಗ್ಗೆ ಫೋನಿನಲ್ಲಿ ಅರ್ಧ ಗಂಟೆಯ ವಿಡಿಯೊ ಇದೆ, ಕೊಲೆಗಾರ ಯಾರೆಂದು ಕೊನೆಯಲ್ಲಿ ಹೇಳುತ್ತಾರೆ" ಎಂದರು.

ಈ ಎರಡು ಮಾತುಗಳೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಹುಟ್ಟಿದ್ದು ಒಂದೇ ತಪ್ಪು ತಿಳಿವಳಿಕೆಯಿಂದ ಎಂದು ನಾವು ಹೇಳುತ್ತೇವೆ. ಇಬ್ಬರೂ ಅಪರಾಧ ಕಥೆ ಎಂದರೆ ಕೊಲೆಗಾರನ ಕಥೆ ಎಂದುಕೊಂಡಿದ್ದಾರೆ. ಒಬ್ಬರು ಅವನನ್ನು ಮಕ್ಕಳಿಂದ ದೂರ ಇಡಬೇಕೆನ್ನುತ್ತಾರೆ, ಇನ್ನೊಬ್ಬರು ಅವನ ಹೆಸರು ಬೇಗ ಸಿಕ್ಕರೆ ಸಾಕೆನ್ನುತ್ತಾರೆ. ನಾವು ಓದಲು ಹೊರಟಿರುವ ಕಥೆಗಳು ಕೇಳುವ ಪ್ರಶ್ನೆ ಬೇರೆ. ಅದು ಪವಿತ್ರ ಬೈಬಲ್ಲಿನಷ್ಟು ಹಳೆಯದು.

ಧರ್ಮೋಪದೇಶಕಾಂಡದ 21ನೇ ಅಧ್ಯಾಯ ತೆರೆದು ನೋಡಿ. ಹೊಲದಲ್ಲಿ ಒಂದು ಹೆಣ ಬಿದ್ದಿದೆ. ಕೊಂದವನು ಯಾರೆಂದು ಯಾರಿಗೂ ಗೊತ್ತಿಲ್ಲ. ಆಗ ಏನು ಮಾಡಬೇಕು? ಹೆಣದಿಂದ ಸುತ್ತಲಿನ ಊರುಗಳಿಗೆ ಎಷ್ಟು ದೂರವೆಂದು ಅಳೆಯಬೇಕು. ಯಾವ ಊರು ಹತ್ತಿರವೋ ಆ ಊರಿನ ಹಿರಿಯರು ಬಂದು, ಬಲಿಕೊಟ್ಟು, ಕೈತೊಳೆದು, ಈ ರಕ್ತದಲ್ಲಿ ನಮ್ಮ ಪಾಲಿಲ್ಲ, ನಾವಿದನ್ನು ಕಣ್ಣಾರೆ ಕಂಡಿಲ್ಲ ಎಂದು ದೇವರ ಮುಂದೆ ನುಡಿಯಬೇಕು. ಕೊಲೆಗಾರ ಸಿಗದಿದ್ದರೆ ಕಡತ ಮುಚ್ಚಿಬಿಡಿ ಎಂದು ಮೋಶೆಯ ಧರ್ಮಶಾಸ್ತ್ರ ಹೇಳುವುದಿಲ್ಲ. ಹತ್ತಿರದ ಊರು ಯಾವುದು, ಅಲ್ಲಿನವರು ಏನು ಕಂಡರು, ಏನು ಕಂಡೂ ಸುಮ್ಮನಿದ್ದರು ಎಂದು ಅದು ವಿಚಾರಿಸುತ್ತದೆ. ಜರ್ಮನ್ ಸಾಹಿತ್ಯದ ಒಳ್ಳೆಯ ಹಳ್ಳಿ ಅಪರಾಧ ಕಥೆಗಳು ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಮಾಡುತ್ತಿರುವುದು ಇದೇ ಅಳತೆಯ ಕೆಲಸ.

"ಚರ್ಚಿನ ಮಕ್ಕಳಿಗೆ ಕೊಲೆಯ ಕಥೆ ಬೇಡ" ಎನ್ನುವ ಹಿರಿಯರಿಗೆ ವಿನಯದಿಂದ ಕೇಳುತ್ತೇವೆ: ಹಾಗಾದರೆ ಆದಿಕಾಂಡದ 4ನೇ ಅಧ್ಯಾಯವನ್ನು ಎಲ್ಲಿ ಬಚ್ಚಿಡೋಣ? ನಾಬೋತನ ದ್ರಾಕ್ಷಿತೋಟದ ಕಥೆಯಲ್ಲಿ ಉಪವಾಸ ಸಾರಿ, ಸುಳ್ಳುಸಾಕ್ಷಿ ಕೂರಿಸಿ, ಊರ ಪ್ರಮುಖರೇ ನಿರಪರಾಧಿಯನ್ನು ಕಲ್ಲೆಸೆದು ಕೊಲ್ಲಿಸುತ್ತಾರೆ. ದಾನಿಯೇಲನ ಗ್ರಂಥದಲ್ಲಿ ಸುಸನ್ನಳ ಮೇಲೆ ಅಪವಾದ ಹೊರಿಸಿದ ಇಬ್ಬರು ಹಿರಿಯರನ್ನು ಯುವಕ ದಾನಿಯೇಲ ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಇಬ್ಬರೂ ಬೇರೆಬೇರೆ ಮರದ ಹೆಸರು ಹೇಳಿ ಸಿಕ್ಕಿಬೀಳುತ್ತಾರೆ. ಪತ್ತೇದಾರಿ ಕಥೆಗಳ ವಿಚಾರಣೆಯ ಕ್ರಮವೆಲ್ಲ ಅಲ್ಲೇ ಇದೆ. ಆ ದೃಶ್ಯದಲ್ಲಿ ಸತ್ಯದ ಪರ ಎದ್ದು ನಿಂತವನು ಯುವಕ, ಸುಳ್ಳು ಹೇಳಿದವರು ಊರು ಗೌರವಿಸುತ್ತಿದ್ದ ಹಿರಿಯರು ಎಂಬುದನ್ನೂ ಮರೆಯಬಾರದು.

ಈಗ ಜರ್ಮನಿಯ ಒಂದು ಮರದ ಕಡೆ ಬರೋಣ. ಆನೆಟ್ ಫಾನ್ ಡ್ರೊಸ್ಟೆ-ಹ್ಯುಲ್ಸ್‌ಹೋಫ್ ವೆಸ್ಟ್‌ಫಾಲಿಯದ ಕಥೋಲಿಕ ಮನೆತನದಲ್ಲಿ 1797ರಲ್ಲಿ ಹುಟ್ಟಿದವರು, ಜರ್ಮನ್ ಭಾಷೆಯ ದೊಡ್ಡ ಕವಯಿತ್ರಿ. ಅವರು 1842ರಲ್ಲಿ ಪ್ರಕಟಿಸಿದ 'ಯೆಹೂದ್ಯರ ಬೀಚ್ ಮರ' ಎಂಬ ನೀಳ್ಗತೆ ಅವರ ತಾಯಿಯ ಕಡೆಯವರಿಗೆ ಗೊತ್ತಿದ್ದ ನಿಜವಾದ ಕೊಲೆಯೊಂದನ್ನು ಆಧರಿಸಿದ್ದು. ಕಥೆ ನಡೆಯುವುದು ಬರೆಯುವ ಕಾಲಕ್ಕಿಂತ ಹಿಂದೆ, 18ನೇ ಶತಮಾನದ ಒಂದು ಕಾಡಂಚಿನ ಹಳ್ಳಿಯಲ್ಲಿ. ಊರಿಗೆ ಊರೇ ರಾತ್ರಿ ಮರ ಕಡಿದು ಸಾಗಿಸುತ್ತದೆ, ಹಗಲು ಪೂಜೆಗೆ ಹೋಗುತ್ತದೆ. ಆ ಊರಿನ ಹುಡುಗ ಫ್ರೀಡ್ರಿಕ್ ಮೆರ್ಗೆಲ್. ಅಪ್ಪ ಕುಡುಕ, ಬೇಗ ಸತ್ತ. ಅಮ್ಮ ಮಾರ್ಗ್ರೇಟ್ ದೈವಭಕ್ತೆ.

ಇಲ್ಲಿ ನಿಧಾನವಾಗಿ ಓದಿ ಎನ್ನುತ್ತೇವೆ. ಒಂದು ದಿನ ಪುಟ್ಟ ಹುಡುಗ ಮನೆಗೆ ಬಂದು, ನೆರೆಯವನೊಬ್ಬ ಯೆಹೂದ್ಯ ವ್ಯಾಪಾರಿ ಆರೋನನನ್ನು ಹೊಡೆದು ದುಡ್ಡು ಕಿತ್ತುಕೊಂಡ ಎನ್ನುತ್ತಾನೆ. ಮಗುವಿಗೆ ಅದು ತಪ್ಪು ಎಂದು ಗೊತ್ತು. ಅಮ್ಮ ಅವನನ್ನು ತಿದ್ದುತ್ತಾಳೆ: ನೆರೆಯವನು ಮರ್ಯಾದಸ್ಥ, ಆ ಯೆಹೂದ್ಯನೇ ಮೊದಲು ಮೋಸ ಮಾಡಿರಬೇಕು, ಆ ಜನವೆಲ್ಲ ಹಾಗೆಯೇ. ಮರಗಳ್ಳತನದ ಮಾತು ಬಂದಾಗ, ಕಾಡಿನ ಮರ ದೇವರು ಬೆಳೆಸಿದ್ದು, ಅದು ಯಾರ ಸ್ವತ್ತೂ ಅಲ್ಲ ಎನ್ನುತ್ತಾಳೆ. ಅಲ್ಲಿ ಯಾರೂ ಚಾಕು ಎತ್ತಿಲ್ಲ, ರಕ್ತ ಸುರಿದಿಲ್ಲ. ಒಲೆಯ ಮುಂದಿನ ನಾಲ್ಕು ಮಾತು, ಅಷ್ಟೇ. ಆದರೆ ಕಥೆಯ ಮುಂದಿನ ಎರಡು ಹೆಣಗಳಿಗೂ ಬೀಜ ಬಿದ್ದದ್ದು ಅಲ್ಲಿ, ಪ್ರಾರ್ಥನೆ ತಪ್ಪಿಸದ ತಾಯಿಯ ಬಾಯಿಂದ.

ಮೊದಲನೆಯ ಹೆಣ ಫಾರೆಸ್ಟರ್ ಬ್ರಾಂಡಿಸ್‌ನದು, ಕೊಡಲಿಯ ಏಟು. ಅವನನ್ನು ಆ ದಾರಿಗೆ ಹಚ್ಚಿದವನು ಫ್ರೀಡ್ರಿಕ್. ಹುಡುಗನ ಮನಸ್ಸು ಕುದಿಯುತ್ತದೆ, ಪಾಪನಿವೇದನೆಗೆ ಹೊರಡುತ್ತಾನೆ. ಆಗ ಸೋದರಮಾವ ಸಿಮೋನ್ ತಡೆಯುತ್ತಾನೆ. ಹೇಗೆ ತಡೆಯುತ್ತಾನೆ ಗೊತ್ತೇ? ದೇವರ ಆಜ್ಞೆಯನ್ನು ಹೇಳಿಯೇ! ನೆರೆಯವನ ವಿರುದ್ಧ ಸಾಕ್ಷಿ ಹೇಳಬಾರದೆಂದು ಆಜ್ಞೆ ಇದೆ ಎನ್ನುತ್ತಾನೆ. ಸುಳ್ಳುಸಾಕ್ಷಿ ಹೇಳಬಾರದು ಎಂದಲ್ಲವೇ ಎಂದು ಹುಡುಗ ಕೇಳಿದರೆ, ಅಲ್ಲ, ಯಾವ ಸಾಕ್ಷಿಯನ್ನೂ ಹೇಳಬಾರದು, ಪಾಪನಿವೇದನೆಯಲ್ಲಿ ಇನ್ನೊಬ್ಬರ ಮೇಲೆ ದೂರು ಹೇಳಿದವನು ಅಯೋಗ್ಯನಾಗಿ ಸತ್ಪ್ರಸಾದ ಸ್ವೀಕರಿಸುತ್ತಾನೆ ಎಂದು ಹೆದರಿಸುತ್ತಾನೆ.

ಧರ್ಮೋಪದೇಶ ತರಗತಿಯಲ್ಲಿ ಎಂಟನೇ ಆಜ್ಞೆಯನ್ನು ಬಾಯಿಪಾಠ ಮಾಡಿದ ನಮಗೆಲ್ಲ ಈ ಪುಟ ಓದಿಸಲೇಬೇಕು. ಸಿಮೋನ್ ಆಜ್ಞೆಯಿಂದ ತೆಗೆದದ್ದು 'ಸುಳ್ಳು' ಎಂಬ ಒಂದೇ ಒಂದು ಪದ. ಆ ಒಂದು ಪದ ಹೋದ ಕೂಡಲೇ ಸತ್ಯವನ್ನು ಕಾಯುವ ಆಜ್ಞೆ ಕೊಲೆಗಾರನನ್ನು ಕಾಯುವ ಆಜ್ಞೆಯಾಯಿತು. ಪಾಪನಿವೇದನೆಯ ಗುಟ್ಟು ಗುರುಗಳ ಬಾಯಿಗೆ ಹಾಕಿದ ಮುದ್ರೆ. ಊರಿನವರ ಬಾಯಿಗೆ ಬೀಗ ಹಾಕಲು ಅದನ್ನು ಯಾರೂ ಕೊಟ್ಟಿಲ್ಲ. ದೇವದೂಷಣೆ ಮಾಡಿ ಕೆಡಿಸುವವರನ್ನು ಗುರುತಿಸುವುದು ಸುಲಭ. ದೇವರ ವಾಕ್ಯವನ್ನೇ ಅರ್ಧ ಹೇಳಿ ಕೆಡಿಸುವವರನ್ನು ಗುರುತಿಸಲು ಅಭ್ಯಾಸ ಬೇಕು. ಸಂತರ ಚರಿತ್ರೆಯಿಂದ ಒಳ್ಳೆಯದು ಹೇಗಿರುತ್ತದೆಂದು ಕಲಿಯುತ್ತೇವೆ, ನಿಜ. ಕೆಟ್ಟದ್ದು ಒಳ್ಳೆಯದರ ಅಂಗಿ ತೊಟ್ಟು ಬರುವುದು ಹೇಗೆಂದು ಇಂಥ ಕಥೆಗಳಿಂದ ಕಲಿಯುತ್ತೇವೆ.

ಎರಡನೆಯ ಹೆಣ ಆರೋನನದು. ಮದುವೆಮನೆಯಲ್ಲಿ ಎಲ್ಲರ ಎದುರು ಫ್ರೀಡ್ರಿಕ್‌ನಿಂದ ಗಡಿಯಾರದ ಬಾಕಿ ಕೇಳಿದ. ಆಮೇಲೆ ಬೀಚ್ ಮರದ ಬಳಿ ಹೆಣವಾಗಿ ಸಿಕ್ಕಿದ. ಫ್ರೀಡ್ರಿಕ್ ಊರು ಬಿಟ್ಟು ಓಡಿದ. ಯೆಹೂದ್ಯರು ಆ ಮರವನ್ನು ಕೊಂಡು, ಕಡಿಯಕೂಡದೆಂದು ಗೊತ್ತುಮಾಡಿ, ಅದರ ಮೇಲೆ ಹೀಬ್ರೂ ಅಕ್ಷರದಲ್ಲಿ ಒಂದು ಮಾತು ಕೆತ್ತಿದರು. 1760ರಿಂದ ಇಪ್ಪತ್ತೆಂಟು ವರ್ಷ ಆ ಬರಹ ಊರಿನ ಪಕ್ಕದಲ್ಲೇ ಇತ್ತು. ಲೇಖಕಿ ಹೀಬ್ರೂ ಸಾಲನ್ನು ಹಾಗೆಯೇ ಅಚ್ಚುಮಾಡಿ, ಅದರ ಅರ್ಥವನ್ನು ಕಥೆಯ ಕೊನೆಯ ವಾಕ್ಯದವರೆಗೆ ಓದುಗನಿಗೆ ಬಿಟ್ಟುಕೊಡುವುದಿಲ್ಲ. ಪಕ್ಕದಲ್ಲೇ ಬಾಳುವ ಜನರ ದುಃಖ ನಮ್ಮ ಕಣ್ಣೆದುರೇ ಬರೆದಿರುತ್ತದೆ, ಆ ಲಿಪಿ ಕಲಿಯಲು ನಾವು ಹೋಗಿರುವುದಿಲ್ಲ. ಗಡಿನಾಡಿನಲ್ಲಿ ನಮ್ಮ ಬೋರ್ಡು, ನಮ್ಮ ಅರ್ಜಿ ಓದಲು ಬಾರದವರ ನಡುವೆ ಬದುಕುವ ಕನ್ನಡಿಗರಿಗೆ ಇದರ ನೋವು ವಿವರಿಸಿ ಹೇಳಬೇಕಾಗಿಲ್ಲ. ಹಾಗಿದ್ದ ಮೇಲೆ, ನಮ್ಮ ನಡುವೆಯೇ ನಮಗಿಂತ ಕಡಿಮೆ ಸಂಖ್ಯೆಯಲ್ಲಿರುವವರ ಬರಹವನ್ನು ನಾವು ಓದಿದ್ದೇವೆಯೇ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದೂ ನಮಗೆ ಸಲ್ಲದು. ಮಾರ್ಗ್ರೇಟ್ ಒಲೆಯ ಮುಂದೆ ಆಡಿದಂಥ ಮಾತುಗಳು ಜರ್ಮನಿಯ ಮನೆಮನೆಗಳಲ್ಲಿ ಮುಂದುವರಿದು, ಈ ಕಥೆ ಅಚ್ಚಾದ ಸುಮಾರು ನೂರು ವರ್ಷಕ್ಕೆ ಆ ದೇಶ ಅರುವತ್ತು ಲಕ್ಷ ಯೆಹೂದ್ಯರ ಕೊಲೆಗೆ ಕೈಹಾಕಿತು. ಸಣ್ಣ ಮಾತು ಸಣ್ಣದಾಗಿಯೇ ಉಳಿಯುತ್ತದೆ ಎನ್ನುವವರು ಈ ಎರಡು ಕಾಲಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಡ್ರೊಸ್ಟೆಗಿಂತ ಮೊದಲೇ, 1786ರಲ್ಲಿ, ಫ್ರೀಡ್ರಿಕ್ ಷಿಲ್ಲರ್ ಮಾನ ಕಳೆದುಕೊಂಡು ಅಪರಾಧಿಯಾದವನ ಕಥೆಯೊಂದನ್ನು ಬರೆದರು. ಅದಕ್ಕೆ ಆಧಾರ ವ್ಯೂರ್ಟೆಂಬರ್ಗ್ ಸೀಮೆಯ ಎಬರ್ಸ್‌ಬಾಖ್‌ನ ಹೋಟೆಲಿನವನ ಮಗ ಫ್ರೀಡ್ರಿಕ್ ಶ್ವಾನ್. 1760ರಲ್ಲಿ ಅವನಿಗೆ ಮರಣದಂಡನೆಯಾಯಿತು. ಕಥೆಯಲ್ಲಿ ಅವನ ಹೆಸರು ಕ್ರಿಸ್ಟಿಯನ್ ವೋಲ್ಫ್. ಕದ್ದು ಬೇಟೆಯಾಡಿ ಮೊದಲ ಸಲ ದಂಡ ತೆತ್ತ, ಎರಡನೆಯ ಸಲ ಜೈಲಿಗೆ ಹೋದ, ಮೂರನೆಯ ಸಲ ಕೋಟೆಯ ಸೆರೆಮನೆಯಲ್ಲಿದ್ದು ಊರಿಗೆ ಮರಳಿದ. ಅವನು ಪೇಟೆಯ ನಡುವೆ ನಿಂತಾಗ ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸುತ್ತಿದೆ, ಸಭೆಯವರು ಗುಂಪುಗುಂಪಾಗಿ ಚರ್ಚಿಗೆ ಹೋಗುತ್ತಿದ್ದಾರೆ. ಗುರುತು ಹಿಡಿದವರೆಲ್ಲ ಹಿಂದೆ ಸರಿಯುತ್ತಾರೆ. ಒಂದು ಮಗುವಿಗೆ ಪ್ರೀತಿಯಿಂದ ನಾಣ್ಯ ಕೊಟ್ಟರೆ ಮಗು ಅದನ್ನು ಅವನ ಮುಖಕ್ಕೇ ಎಸೆಯುತ್ತದೆ. ಅವನು ಕೊಲೆ ಮಾಡುವುದು ಇದಾದ ಮೇಲೆ.

ಷಿಲ್ಲರ್ ಅವನ ಕೊಲೆಗೆ ಕ್ಷಮೆ ಕೇಳಿಲ್ಲ, ನಾವೂ ಕೇಳುವುದಿಲ್ಲ. ತಪ್ಪು ಅವನದೇ. ಆದರೆ ಆ ಗಂಟೆಯ ಸದ್ದು ನಮ್ಮ ಕಿವಿಯಲ್ಲಿ ಉಳಿಯಬೇಕು. ಶಿಕ್ಷೆ ಮುಗಿಸಿ ಬಂದ ಮನುಷ್ಯನನ್ನು ದಾಟಿ ಚರ್ಚಿಗೆ ಹೋದವರು ಆ ಸಂಜೆ ಒಳಗೆ ಏನೆಂದು ಪ್ರಾರ್ಥಿಸಿದರು? ತಪ್ಪಿಹೋದ ಮಗನನ್ನು ದೂರದಿಂದಲೇ ಕಂಡು ಓಡಿಹೋದ ತಂದೆಯ ಸಾಮತಿಯನ್ನು ಪ್ರತಿ ತಪಸ್ಸುಕಾಲದಲ್ಲೂ ಕೇಳುವ ನಾವು ಕುಡಿತ ಬಿಟ್ಟು ಬಂದವನಿಗೆ, ಕೇಸು ಮುಗಿಸಿ ಬಂದವನಿಗೆ ನಮ್ಮ ಬೆಂಚಿನಲ್ಲಿ ಜಾಗ ಬಿಡುತ್ತೇವೆಯೇ?

ಮೂರನೆಯದು ಟೆಯೊಡೋರ್ ಫೊಂಟಾನೆ 1885ರಲ್ಲಿ ಪ್ರಕಟಿಸಿದ 'ಪೇರ್ ಮರದ ಕೆಳಗೆ'. ಓಡರ್ ನದಿ ಬಯಲಿನ ಒಂದು ಹಳ್ಳಿ, ಕಾಲ 1831. ಸಾಲದಲ್ಲಿ ಮುಳುಗಿದ ಅಂಗಡಿ-ಹೋಟೆಲಿನ ಯಜಮಾನ ಆಬೆಲ್ ಹ್ರಾಡ್‌ಶೆಕ್ ಮತ್ತು ಹೆಂಡತಿ ಉರ್ಸೆಲ್, ಸಾಲ ವಸೂಲಿಗೆ ಬಂದ ಪ್ರಯಾಣಿಕನನ್ನು ಕೊಲ್ಲುತ್ತಾರೆ. ರಾತ್ರಿ ಮರದಡಿ ಅಗೆಯುವುದನ್ನು ಕಂಡವಳು ನೆರೆಯ ಮುದುಕಿ ಯೆಷ್ಕೆ. ಅವಳಿಗೆ ಊರಿನಲ್ಲಿ ಮಾಟಗಾತಿ ಎಂಬ ಹೆಸರು. ಇತ್ತ ಪಾದ್ರಿ ಎಕ್ಸೇಲಿಯುಸ್ ದಂಪತಿಗಳ ನಡತೆಗೆ ತಾನೇ ಸಾಕ್ಷಿಯಾಗಿ ನ್ಯಾಯಾಧಿಕಾರಿಗೆ ಪತ್ರ ಬರೆಯುತ್ತಾರೆ. ಕಥೋಲಿಕಳಾಗಿದ್ದ ಉರ್ಸೆಲ್ ತಮ್ಮ ಪಂಥಕ್ಕೆ ಸೇರಿದಳೆಂಬ ಅಭಿಮಾನ ಅವರ ಕಣ್ಣಿಗೆ ಕಟ್ಟಿದೆ. ಮರದಡಿ ಅಗೆಸಿದರೆ ಸಿಕ್ಕಿದ್ದು ಹಳೆಯ ಯುದ್ಧಕಾಲದಲ್ಲಿ ಸತ್ತ ಫ್ರೆಂಚ್ ಸೈನಿಕನ ಅವಶೇಷ. ಕೊಲೆಗಾರ ಗೌರವದಿಂದ ಹೊರಬರುತ್ತಾನೆ, ಕೊನೆಗೆ ತನ್ನದೇ ನೆಲಮಾಳಿಗೆಯಲ್ಲಿ ಬಚ್ಚಿಟ್ಟ ಹೆಣದ ಪಕ್ಕದಲ್ಲಿ ಸಾಯುತ್ತಾನೆ.

ಪಾದ್ರಿ ದುಷ್ಟರೇನಲ್ಲ. "ನಮ್ಮವರು" ಎಂದ ಮೇಲೆ ಒಳ್ಳೆಯವರೇ ಇರಬೇಕು ಎಂದುಕೊಂಡರು, ಅಷ್ಟೇ. ಚರ್ಚಿನ ಸಮಿತಿಯಲ್ಲಿದ್ದಾರೆ, ಕಾಣಿಕೆ ಕೊಡುತ್ತಾರೆ, ಹಬ್ಬದಲ್ಲಿ ಮುಂದೆ ನಿಲ್ಲುತ್ತಾರೆ ಎಂಬುದೇ ಒಬ್ಬರ ನಡತೆಗೆ ಪ್ರಮಾಣಪತ್ರವಾಗುವುದು ಎಲ್ಲಿಯಾದರೂ ಅಪಾಯ. ಬಡ ಮುದುಕಿಯ ಮಾತಿಗೆ ಬೆಲೆಯಿಲ್ಲದಿರುವುದು ಅದರ ಇನ್ನೊಂದು ಮುಖ.

ಕೊನೆಯದು ನಮ್ಮ ಕಾಲಕ್ಕೆ ಹತ್ತಿರದ್ದು, ವಿಡಿಯೊಗಳು ಅಗೆದಗೆದು ತೋರಿಸುವುದು. ಬವೇರಿಯದ ಹಿಂಟರ್‌ಕೈಫೆಕ್ ಎಂಬ ಒಂಟಿ ತೋಟದಮನೆ, 1922 ಮಾರ್ಚ್ 31ರ ರಾತ್ರಿ. ಅಜ್ಜ, ಅಜ್ಜಿ, ಮಗಳು, ಏಳು ವರ್ಷದ ಮೊಮ್ಮಗಳು, ಎರಡು ವರ್ಷದ ಮೊಮ್ಮಗ, ಅಂದೇ ಕೆಲಸಕ್ಕೆ ಸೇರಿದ ಮನೆಕೆಲಸದಾಕೆ, ಹೀಗೆ ಆರು ಜನರ ಕೊಲೆ. ಹೆಣಗಳು ಸಿಕ್ಕಿದ್ದು ಏಪ್ರಿಲ್ 4ರಂದು. ನಡುವಿನ ದಿನಗಳಲ್ಲಿ ಹುಡುಗಿ ಶಾಲೆಗೆ ಬರಲಿಲ್ಲ, ಭಾನುವಾರ ಮನೆಯವರು ಚರ್ಚಿಗೆ ಬರಲಿಲ್ಲ. ಯಾರೋ ದನಗಳಿಗೆ ಮೇವು ಹಾಕುತ್ತಿದ್ದರು. ಕೊಲೆಗಾರ ಇಂದಿಗೂ ಪತ್ತೆಯಾಗಿಲ್ಲ.

ಆ ಮನೆಯ ಇನ್ನೊಂದು ಕಥೆ ಊರಿಗೆಲ್ಲ ಗೊತ್ತಿತ್ತು. ತಂದೆ-ಮಗಳ ನಡುವಿನ ಅಕ್ರಮ ಸಂಬಂಧಕ್ಕಾಗಿ 1915ರಲ್ಲಿ ನ್ಯಾಯಾಲಯ ಇಬ್ಬರಿಗೂ ಶಿಕ್ಷೆ ವಿಧಿಸಿತ್ತು. ತಂದೆಯ ಮನೆಯಲ್ಲೇ ಬೆಳೆದ ಮಗಳನ್ನೂ ಸಮಾನ ಅಪರಾಧಿಯೆಂದೇ ಎಣಿಸಲಾಯಿತು. ಶಿಕ್ಷೆ ಮುಗಿದ ಮೇಲೆ ಅವಳು ಮರಳಿದ್ದು ಅದೇ ಸೂರಿನ ಕೆಳಗೆ.

ಈ ಪ್ರಕರಣದಿಂದ ಆಂಡ್ರೇಯಾ ಮರಿಯಾ ಶೆಂಕೆಲ್ 2006ರಲ್ಲಿ 'ಟಾನ್ಯೋಡ್' ಎಂಬ ಕಾದಂಬರಿ ಬರೆದರು. ಘಟನೆಯನ್ನು 1950ರ ದಶಕಕ್ಕೆ ಸರಿಸಿದರು. ಮರುವರ್ಷ ಅದಕ್ಕೆ ಜರ್ಮನ್ ಅಪರಾಧ ಸಾಹಿತ್ಯ ಪ್ರಶಸ್ತಿ ಬಂತು. ಅದರಲ್ಲಿ ಚತುರ ಪತ್ತೇದಾರನಿಲ್ಲ. ಊರಿನವರು ಒಬ್ಬೊಬ್ಬರಾಗಿ ಬಂದು ತಮಗೆ ಗೊತ್ತಿದ್ದುದನ್ನು ಹೇಳುತ್ತಾರೆ. ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪ ಗೊತ್ತು. ಎಲ್ಲರದನ್ನೂ ಸೇರಿಸಿದರೆ ಎಲ್ಲವೂ ಗೊತ್ತು. ಆ ಮಾತುಗಳ ನಡುನಡುವೆ ಲೇಖಕಿ ಮೃತರಿಗಾಗಿ ಮಾಡುವ ಕಥೋಲಿಕ ಪ್ರಾರ್ಥನಾಮಾಲೆಯ ತುಣುಕುಗಳನ್ನು ಹೆಣೆದಿದ್ದಾರೆ. ಪ್ರಾರ್ಥನೆಯನ್ನು ಅಣಕಿಸಲು ಹೀಗೆ ಮಾಡಿದ್ದಾರೆಂದು ನಮಗೆ ಅನ್ನಿಸುವುದಿಲ್ಲ. ಸತ್ತವರಿಗಾಗಿ ಇಷ್ಟು ಚೆನ್ನಾಗಿ ಪ್ರಾರ್ಥಿಸಬಲ್ಲ ಊರು, ಬದುಕಿದ್ದಾಗ ಒಮ್ಮೆ ಆ ಮನೆಯ ಬಾಗಿಲು ತಟ್ಟಿದ್ದರೆ ಏನಾಗುತ್ತಿತ್ತು ಎಂದು ಪ್ರತಿ ಪುಟವೂ ಕೇಳುತ್ತದೆ.

ವಿಡಿಯೊ ನೋಡುವ ಮಿತ್ರರೇ, ನಿಮ್ಮೊಂದಿಗೆ ನಮ್ಮ ಜಗಳ ಇರುವುದು ಇಲ್ಲಿ. ಆರು ಜನರ ಸಾವು, ಅದರಲ್ಲಿ ಇಬ್ಬರು ಮಕ್ಕಳು, ಊಟದ ಹೊತ್ತಿನ ಒಗಟಾಗಿದೆ. ಹಿಮದ ಮೇಲಿನ ಹೆಜ್ಜೆ ಯಾರದು, ಅಟ್ಟದಲ್ಲಿ ಯಾರಿದ್ದರು ಎಂದು ಹಿನ್ನೆಲೆ ಸಂಗೀತದೊಂದಿಗೆ ಕೇಳುತ್ತಾರೆ. ಒಗಟು ಬಿಡಿಸಿದರೆ ಆಟ ಮುಗಿಯಿತು, ನಮ್ಮಿಂದ ಏನನ್ನೂ ಕೇಳುವುದಿಲ್ಲ. ಕಾದಂಬರಿ ನಮ್ಮನ್ನು ಊರಿನವರ ಸಾಲಿನಲ್ಲಿ ನಿಲ್ಲಿಸಿ, ನಿನಗೇನು ಗೊತ್ತಿತ್ತು ಎಂದು ಕೇಳುತ್ತದೆ. ಅಂದಹಾಗೆ ಈ ಪುಸ್ತಕಗಳು ದಪ್ಪವೂ ಅಲ್ಲ. ಷಿಲ್ಲರ್ ಕಥೆ ಒಂದೇ ಸಂಜೆಗೆ ಮುಗಿಯುತ್ತದೆ, ಡ್ರೊಸ್ಟೆಯದು ಎರಡು ಸಂಜೆಗೆ.

ಇನ್ನು, "ಅದು ಜರ್ಮನಿ, ನಮಗೇನು?" ಎನ್ನುವವರಿಗೆ ಒಂದು ಮಾತು. ಡ್ರೊಸ್ಟೆಯ ಕಥೆ ಅಚ್ಚಾದ ಮರುವರ್ಷ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಷಿಲ್ಲರ್‌ನ ಸೀಮೆಯಾದ ವ್ಯೂರ್ಟೆಂಬರ್ಗಿನವರು. 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಫರ್ಡಿನಂಡ್ ಕಿಟೆಲ್ ಉತ್ತರ ಜರ್ಮನಿಯವರು. ನೀಲಗಿರಿಯ ಕೇಟಿಯಲ್ಲಿ ಬಡಗರ ನಡುವೆ ಕನ್ನಡದಲ್ಲಿ ಶುಭಸಂದೇಶ ಸಾರಿದವರೂ ಬಾಸೆಲ್ ಮಿಷನ್ನಿನವರೇ. ಪಂಥ ಬೇರೆಯಾದರೂ ಆ ನಾಡಿನ ಜನ ನಮ್ಮ ಭಾಷೆ ಕಲಿತು ನಮ್ಮ ಗಾದೆ, ನಮ್ಮ ಹಾಡು ಓದಿದರು. ಅವರು ಬಿಟ್ಟುಬಂದ ಹಳ್ಳಿಗಳ ಕತ್ತಲೆ-ಬೆಳಕನ್ನು ನಾವು ಓದಿದರೆ ಅದು ಪರಕೀಯರ ಓದಲ್ಲ, ಸಾಲ ತೀರಿಸುವ ಓದು.

ಓದಿ ಮುಗಿಸಿದ ಮೇಲೆ ಏನು? ಬರೀ ಚರ್ಚೆ ಮಾಡಿ ಚಹಾ ಕುಡಿದು ಎದ್ದರೆ ನಾವೂ ಆ ಊರಿನವರೇ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ. "ಮನೆಯ ಗುಟ್ಟು ಹೊರಗೆ ಹೋಗಬಾರದು" ಎಂಬ ಮಾತನ್ನು ಮಗುವಿನ ಕಣ್ಣೀರಿನ ಮೇಲೆ ಹೊದಿಸಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಸುಮ್ಮನಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಿನಲ್ಲೂ ಇರಲಿ. ಇದು ಚಾಡಿಯಲ್ಲ, ಅಪಪ್ರಚಾರವಲ್ಲ. ಎಂಟನೇ ಆಜ್ಞೆಗೆ ಸಿಮೋನ್ ಕಿತ್ತ ಪದವನ್ನು ಮರಳಿ ಸೇರಿಸುವ ಕೆಲಸ.

ಅದೇ ಆಜ್ಞೆಗೆ ಇನ್ನೊಂದು ಮಗ್ಗುಲೂ ಇದೆ. ಡ್ರೊಸ್ಟೆ ತಮ್ಮ ಕಥೆಯನ್ನು ಆರಂಭಿಸುವುದು ಕಲ್ಲೆಸೆಯಲು ಎತ್ತಿದ ಕೈಯನ್ನು ತಡೆಯುವ ಒಂದು ಪದ್ಯದಿಂದ. ಯೊವಾನ್ನರ ಶುಭಸಂದೇಶದ 8ನೇ ಅಧ್ಯಾಯ ನಮಗೆ ಥಟ್ಟನೆ ನೆನಪಾಗುತ್ತದೆ. ಕಥೆಯ ಕೊನೆಯಲ್ಲಿ ಬೀಚ್ ಮರಕ್ಕೆ ನೇತಾಡಿದ ಮುದುಕನೇ ಆರೋನನನ್ನು ಕೊಂದವನು ಎಂದು ಅವರು ಖಚಿತವಾಗಿ ಹೇಳುವುದೂ ಇಲ್ಲ. ಯೆಹೂದ್ಯನೊಬ್ಬನನ್ನು ತಾನು ಕೊಂದೆನೆಂದು ನಡುವೆ ಬೇರೊಬ್ಬ ಒಪ್ಪಿಕೊಂಡಿರುತ್ತಾನೆ. ತೀರ್ಪು ಕೊಡುವ ಸುಖವನ್ನು ಅವರು ನಮ್ಮಿಂದ ಕಿತ್ತುಕೊಳ್ಳುತ್ತಾರೆ. ಸಾಕ್ಷಿ ಹೇಳುವುದು ನಮ್ಮ ಕರ್ತವ್ಯ, ಕಲ್ಲೆಸೆಯುವುದು ಅಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿತ ಯುವಕ-ಯುವತಿಯರು ಒಂದು ಧರ್ಮಕೇಂದ್ರದಲ್ಲಿ ನಾಲ್ಕು ಜನ ಇದ್ದರೂ ಅಲ್ಲಿನ ಮಕ್ಕಳು ನೆಮ್ಮದಿಯಿಂದ ಮಲಗಬಹುದು.

ಮೊದಲು ಷಿಲ್ಲರ್ ಓದೋಣ, ಆಮೇಲೆ ಡ್ರೊಸ್ಟೆ, ಫೊಂಟಾನೆ, ಕೊನೆಗೆ ದೊಡ್ಡವರು ಮಾತ್ರ ಶೆಂಕೆಲ್. ಎಲ್ಲವೂ ಇಂಗ್ಲಿಷ್ ಅನುವಾದದಲ್ಲಿ ಸಿಗುತ್ತವೆ. ಬೇಡವೆಂದ ಹಿರಿಯರೂ ಬಂದು ಕೂರಲಿ, ವಿಡಿಯೊ ಮಿತ್ರರೂ ಬರಲಿ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹೊರಡುವ ಮುನ್ನ ಒಮ್ಮೆ ಹಿಂತಿರುಗಿ ಬೆಂಚುಗಳನ್ನು ನೋಡಿ. ಎರಡು ವಾರದಿಂದ ಯಾರ ಜಾಗ ಖಾಲಿ ಇದೆ? ಅವರ ಮನೆಗೆ ಹತ್ತಿರದವರು ಯಾರು?